ಬಿಸಿನೀರಿನ ಲೆಕ್ಕ: ಕುಣಿಗಲ್‌ನ ಪುರದಿಂದ ಸ್ವೀಡನ್‌ವರೆಗೆ

ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರ ಬೆಳ್ಳಾವಿಯಲ್ಲಿ ಮನೆಯನ್ನು ಬೆಚ್ಚಗಿಡಲು ಇಂಧನ ಬೇಕಿಲ್ಲ. ಇಲ್ಲಿ ಶಾಖ ಬೇಕಾಗುವುದು ಅಡುಗೆಗೆ ಮತ್ತು ಸ್ನಾನದ ನೀರಿಗೆ. ಯೂರೋಪಿನ ಶೀತಪ್ರದೇಶಗಳಲ್ಲಿ ಹಾಗಲ್ಲ. ಒಂದೇ ಸ್ಥಾವರದಲ್ಲಿ ಕಾಯಿಸಿದ ನೀರು ನೆಲದಡಿಯ ಕೊಳವೆಗಳಲ್ಲಿ ಊರೆಲ್ಲ ಹರಿದು ಕಟ್ಟಡಗಳನ್ನು ಬೆಚ್ಚಗಿಡುತ್ತದೆ. ‘ಡಿಸ್ಟ್ರಿಕ್ಟ್ ಹೀಟಿಂಗ್’ ಎನ್ನಲಾಗುವ ಈ ವ್ಯವಸ್ಥೆ ಡೆನ್ಮಾರ್ಕ್‌ನ ಸುಮಾರು ಮೂರನೇ ಎರಡರಷ್ಟು ಮನೆಗಳನ್ನು ತಲುಪಿದೆ. ಎರಡೂ ಕಡೆ ಪ್ರಶ್ನೆ ಒಂದೇ: ಉತ್ಪಾದಿಸಿದ ಶಾಖದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಪಾಲೆಷ್ಟು?

ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಗಂಭೀರವಾಗಿ ಎತ್ತಿದ್ದು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಅಧ್ಯಯನ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗ ಸಮೀಪದ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು ಸುತ್ತಲಿನ ಹಳ್ಳಿಗಳ ಇಂಧನ ಬಳಕೆಯನ್ನು ಅಳೆಯಿತು. ಪುರದ ಒಟ್ಟು ಬಳಕೆಯಲ್ಲಿ ಸೌದೆಯ ಪಾಲೇ ಸುಮಾರು ಶೇ. 89ರಷ್ಟಿತ್ತು. ಅದರ ಬಹುಭಾಗ ಉರಿದದ್ದು ಅಡುಗೆ ಒಲೆ ಮತ್ತು ಬಚ್ಚಲ ಒಲೆಗಳಲ್ಲಿ. ಅದನ್ನು ಹೊತ್ತು ತಂದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು.

ಊರಿಗೊಂದೇ ಗೋಬರ್ ಅನಿಲ ಘಟಕ ಕಟ್ಟಿ ಮನೆಮನೆಗೂ ಅಡುಗೆ ಅನಿಲ ನೀಡುವುದು ಮೊದಲ ಯೋಜನೆ. ಅದು ಫಲಿಸಲಿಲ್ಲ. ಊರಿನ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಹರಿಸಲಾಯಿತು. ಮನೆಗಳಿಗೆ ದೀಪ ಬಂತು. ಸಗಣಿ ತಂದವರಿಗೆ ಗೊಬ್ಬರ ಮರಳಿ ಸಿಗುತ್ತಿತ್ತು, ಜೊತೆಗೆ ಅಲ್ಪ ಶುಲ್ಕವೂ. ಅಡುಗೆಯ ಶಾಖ ಮಾತ್ರ ಸೌದೆಯಲ್ಲೇ ಉಳಿಯಿತು. ಹೀಗಾಗಿ ಒಲೆಯನ್ನೇ ಸುಧಾರಿಸಬೇಕಾಯಿತು.

ಒಲೆ ಸುಧಾರಿಸಿದರೆ ಎಷ್ಟು ಉಳಿತಾಯ? 20 ಲೀಟರ್ ನೀರಿನ ತಾಪವನ್ನು 20 ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖ ಸುಮಾರು 100 ಗ್ರಾಂ ಒಣಸೌದೆಯಲ್ಲಿದೆ. ಒಲೆಯ ದಕ್ಷತೆ ಶೇ. 10 ಆಗಿದ್ದರೆ ಒಬ್ಬರ ಸ್ನಾನಕ್ಕೆ ಒಂದು ಕೆ.ಜಿ. ಸೌದೆ ಬೇಕು, ಶೇ. 30ಕ್ಕೆ ಏರಿದರೆ ಅದರ ಮೂರನೇ ಒಂದು ಭಾಗ ಸಾಕು. ಮುಚ್ಚಿದ ಉರಿಗೂಡು, ಮೂರು ಪಾತ್ರೆಗಳಿಗೆ ಜಾಗ ಮತ್ತು ಹೊಗೆಕೊಳವೆಯಿದ್ದ ‘ಅಸ್ತ್ರ ಒಲೆ’ಯ ಹಿಂದೆ ಇದ್ದದ್ದು ಇದೇ ಲೆಕ್ಕ. ಬಚ್ಚಲ ಹಂಡೆಗೂ ಇಂಥದೇ ಒಲೆ ರೂಪಿಸಲಾಯಿತು.

ಜನರಿಗೆ ಬೇಕಾದ್ದು ಇಂಧನವಲ್ಲ, ಅದರಿಂದಾಗುವ ಕೆಲಸ ಎಂಬುದು ರೆಡ್ಡಿ ಅವರ ನಿಲುವು. ಸ್ವೀಡನ್‌ನ ಥಾಮಸ್ ಜೊಹಾನ್ಸನ್, ಬ್ರೆಜಿಲ್‌ನ ಜೋಸ್ ಗೋಲ್ಡೆಂಬರ್ಗ್ ಮತ್ತು ಅಮೆರಿಕದ ರಾಬರ್ಟ್ ವಿಲಿಯಮ್ಸ್ ಜೊತೆ ಅವರು ಬರೆದ ಗ್ರಂಥ 1988ರಲ್ಲಿ ಇದನ್ನೇ ಜಗತ್ತಿನ ಮಟ್ಟದಲ್ಲಿ ವಾದಿಸಿತು. ನಾಲ್ವರಿಗೂ 2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿ ಸಂದಿತು. ಜೊಹಾನ್ಸನ್ ಅವರ ನಾಡು ಕೊಳವೆಯ ಶಾಖದ ನಾಡು. ಅಲ್ಲಿನ ಅನುಭವವೂ ಈ ನಿಲುವಿಗೆ ದೂರವಲ್ಲ. ಗೋಡೆ, ಕಿಟಕಿಗಳಿಂದ ಶಾಖ ಸೋರುವುದನ್ನು ತಡೆದ ಕಟ್ಟಡಕ್ಕೆ ಕಡಿಮೆ ತಾಪದ ನೀರು ಸಾಕು. ನೀರಿನ ತಾಪ ಇಳಿದಷ್ಟೂ ನೆಲದಡಿಯ ಕೊಳವೆಯ ನಷ್ಟವೂ ಇಳಿಯುತ್ತದೆ. ಸೋವಿಯತ್ ಕಾಲದ ಅನೇಕ ವಸತಿ ಸಮುಚ್ಚಯಗಳಲ್ಲಿ ಶಾಖ ತಗ್ಗಿಸುವ ವಾಲ್ವ್ ಇರಲಿಲ್ಲ, ಮನೆಗೊಂದು ಮೀಟರೂ ಇರಲಿಲ್ಲ. ಸೆಕೆಯಾದರೆ ಹೆಪ್ಪುಗಟ್ಟುವ ಚಳಿಯಲ್ಲೂ ಕಿಟಕಿ ತೆರೆಯುವುದೇ ಉಪಾಯ!

ಇದು ದೂರದ ಕಥೆಯೇನಲ್ಲ. ನಿಗದಿತ ಅಳತೆಯ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕರ್ನಾಟಕ 2007ರಲ್ಲಿ ಕಡ್ಡಾಯಗೊಳಿಸಿತು. ಬಹುಮಹಡಿ ಕಟ್ಟಡ, ವಿದ್ಯಾರ್ಥಿನಿಲಯಗಳಲ್ಲಿ ತಾರಸಿಯ ಒಂದೇ ತೊಟ್ಟಿಯಿಂದ ಎಲ್ಲರಿಗೂ ಬಿಸಿನೀರು. ತೊಟ್ಟಿಗೆ ಶಾಖನಿರೋಧಕ ಹೊದಿಕೆ ಇರುತ್ತದೆ, ಕೊಳವೆಗೆ ಎಷ್ಟೋ ಕಡೆ ಇರುವುದಿಲ್ಲ. 20 ಮಿ.ಮೀ. ಒಳವ್ಯಾಸದ 20 ಮೀಟರ್ ಕೊಳವೆಯಲ್ಲಿ ಆರು ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ. ಬೆಳಿಗ್ಗೆ ಅಷ್ಟು ತಣ್ಣೀರು ಚರಂಡಿಗೆ ಹೋದ ಮೇಲೆಯೇ ಬಿಸಿನೀರು ಬರುತ್ತದೆ. ನಲ್ಲಿ ಮುಚ್ಚಿದ ಮೇಲೆ ಅಷ್ಟೇ ಬಿಸಿನೀರು ಕೊಳವೆಯಲ್ಲಿ ನಿಂತು ಆರುತ್ತದೆ.