ಒನಕೆಯ ನುಣುಪು ಯಾರ ಕೈಯದು?

ಅಟ್ಟದ ಮೇಲೆ ಹಳೇ ಒನಕೆ ಇದ್ದರೆ ಒಮ್ಮೆ ಕೆಳಗಿಳಿಸಿ ನೋಡಿ. ಹಿಡಿಯುವ ಜಾಗದಲ್ಲಿ ಕೈ ಆಡಿಸಿ. ಬಡಗಿಯ ಉಳಿಯ ಗುರುತು ಸಿಗುವುದಿಲ್ಲ. ಗಾಜಿನ ಹಾಗೆ ನುಣುಪಾಗಿರುತ್ತದೆ. ಆ ನುಣುಪು ಬಂದದ್ದು ಕುಟ್ಟಿದ ಹೆಂಗಸರ ಅಂಗೈಯಿಂದ.

ಗಿರಣಿ ಬರುವ ಮುಂಚೆ ಭತ್ತ ಮನೆಯಲ್ಲೇ ಅಕ್ಕಿಯಾಗಬೇಕಿತ್ತು. ಒನಕೆಯ ತುದಿ ಸೀಳಬಾರದೆಂದು ಕಬ್ಬಿಣದ ಬಳೆ ಹಾಕಿಸುತ್ತಿದ್ದರು. ಅಂಗೈಗೆ ಅಂಥ ಬಳೆ ಯಾವುದೂ ಇರಲಿಲ್ಲ. ಆಯಾಸ ಮರೆಯಲು ಕುಟ್ಟುವ ಹಾಡುಗಳಿದ್ದವು.

ಚಿತ್ರದುರ್ಗದ ಓಬವ್ವ ಹೈದರಾಲಿಯ ಸೈನಿಕರನ್ನು ತಡೆದದ್ದು ಒನಕೆಯಿಂದ ಎಂಬ ಕತೆ ನಮಗೆಲ್ಲ ಗೊತ್ತು. ಕೊನೆಗೆ ಕೋಟೆ 1779ರಲ್ಲಿ ಹೈದರಾಲಿಯ ಕೈ ಸೇರಿತು. ಓಬವ್ವನ ಹೆಸರು ಉಳಿಯಿತು. ದಿನಾ ಒನಕೆ ಹಿಡಿದ ಉಳಿದ ಹೆಂಗಸರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವರ ಬರಹ ಎಂದರೆ ಈ ಸವಕಳಿಯೇ.

ಕಡೆಗೋಲು ನೋಡಿ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಉಡುಪಿಯ ಕೃಷ್ಣನ ಕೈಯಲ್ಲೂ ಅದೇ ಇದೆ. ಮನೆಯ ಕಡೆಗೋಲಿನಲ್ಲಿ ಹಗ್ಗ ಸುತ್ತಿದ ಕಡೆ ಗೆರೆ ಬಿದ್ದಿರುತ್ತದೆ. ಹಗ್ಗ ಹಿಂದಕ್ಕೂ ಮುಂದಕ್ಕೂ ಎಳೆದಾಡಿ ಮರವನ್ನೇ ತಿಂದಿರುತ್ತದೆ. ಗೆರೆ ಆಳವಾಗಿದ್ದರೆ ಆ ಮನೆಯಲ್ಲಿ ಬಹಳ ಕಾಲ ಕರಾವು ಇತ್ತು ಎಂದರ್ಥ.

ಮುದ್ದೆ ಕೋಲಿನದು ಇನ್ನೊಂದು ಬಗೆ. ಕುದಿಯುವ ಹಿಟ್ಟಿನಲ್ಲಿ ನೆನೆದು ಮರ ಉಬ್ಬುತ್ತದೆ, ತೊಳೆದಿಟ್ಟಾಗ ಒಣಗಿ ಕುಗ್ಗುತ್ತದೆ. ಇದರಿಂದ ಸಣ್ಣ ಸೀಳು ಬಿಡುತ್ತವೆ. ಒಂದೇ ಕೈ, ಒಂದೇ ರೀತಿ ಪಾತ್ರೆಯ ಅಂಚಿಗೆ ಒತ್ತಿ ತಿರುವಿದರೆ ಒಂದೇ ಮಗ್ಗುಲು ಸವೆಯುತ್ತದೆ.

ನಮ್ಮಜ್ಜಿಯ ಮುದ್ದೆ ಕೋಲು ಹಾಗೇ ಒಂದು ಮಗ್ಗುಲು ಸವೆದಿತ್ತು. ಚೆಂದ ಕಾಣಲಿ ಎಂದು ನಾನೇ ಉಪ್ಪುಕಾಗದ ಹಾಕಿ ಉಜ್ಜಿ, ವಾರ್ನಿಷ್ ಹೊಡೆದು ಗೋಡೆಗೆ ನೇತುಹಾಕಿದೆ. ಅಮ್ಮ ನೋಡಿ, "ಇದು ಯಾರ ಮನೇದೋ?" ಅಂದರು. ಅಜ್ಜಿ ನಲವತ್ತು ವರ್ಷ ಸವೆಸಿದ್ದನ್ನು ನಾನು ಅರ್ಧ ಗಂಟೆಯಲ್ಲಿ ಅಳಿಸಿದ್ದೆ.

ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ, ಮೈಸೂರಿನ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯ ಇಂಥ ಸಾಮಾನುಗಳನ್ನು ಕಾಪಾಡಿವೆ. ಆದರೆ ನಿಮ್ಮ ಮನೆಯ ಒನಕೆ ಹಿಡಿದವರು ಯಾರು ಎಂದು ಹೇಳಬಲ್ಲವರು ನೀವು ಮಾತ್ರ.

ಹಾಗಾಗಿ ಉಜ್ಜಬೇಡಿ, ಬಣ್ಣ ಹೊಡೆಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಗೆದ್ದಲು ಹತ್ತದಂತೆ ನೆಲದಿಂದ ಮೇಲಿಡಿ. ಮನೆಯ ಹಿರಿಯರನ್ನು ಕೇಳಿ, ಯಾರು ಬಳಸಿದ್ದು, ಯಾವ ಮರದ್ದು ಎಂದು ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಡಿ. ಕೇಳಲು ಹಿರಿಯರು ಇರುವಾಗಲೇ ಈ ಕೆಲಸ ಆಗಲಿ.