ಕತ್ತರಿಸಿದ ಪುಟ

(ಬಾನುಲಿ ಭಾಷಣ)

ಹಲವು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಮಾಸಪತ್ರಿಕೆಯ ಒಂದು ಬಿಡಿ ಸಂಚಿಕೆ ನನಗೆ ಸಿಕ್ಕಿತು. ಪುಸ್ತಕದ ಕಪಾಟೊಂದನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಬಗೆ ಹೇಗೆಂಬ ಲೇಖನ ಅದರಲ್ಲಿತ್ತು. ಕಪಾಟಿನ ಚಿತ್ರವಿತ್ತು, ಪೀಠಿಕೆಯಿತ್ತು. ಅಳತೆಗಳಿರಬೇಕಾಗಿದ್ದ ಮುಂದಿನ ಪುಟವನ್ನು ಮಾತ್ರ ಯಾರೋ ಕತ್ತರಿಯಿಂದ ಒಪ್ಪವಾಗಿ ಕತ್ತರಿಸಿಕೊಂಡಿದ್ದರು. ಜೀವಮಾನವೆಲ್ಲ ಗ್ರಂಥಗಳ ನಡುವೆ ಕಳೆದ ಮೇಷ್ಟರಿಗೆ ಬರಬೇಕಾದ ಕೋಪ ನನಗೂ ಬಂತು. ಆ ಕೋಪ ಇಳಿಯಬೇಕಾದರೆ ಇಂಥ ನಕ್ಷೆಗಳ ಚರಿತ್ರೆಯನ್ನು ನಾನು ಸ್ವಲ್ಪ ಓದಬೇಕಾಯಿತು.

ಮರಗೆಲಸ ಬಹುಕಾಲ ಕಣ್ಣಿನಿಂದ ಕಣ್ಣಿಗೆ, ಕೈಯಿಂದ ಕೈಗೆ ಸಾಗಿಬಂದ ವಿದ್ಯೆ. ಗುರುವಿನ ಮಗ್ಗುಲಲ್ಲಿ ಕುಳಿತು ವರ್ಷಗಟ್ಟಲೆ ದುಡಿದವನಿಗಲ್ಲದೆ ಅದರ ಒಳಗುಟ್ಟು ದಕ್ಕುತ್ತಿರಲಿಲ್ಲ. ಆ ಬಾಗಿಲನ್ನು ಹೊರಗಿನವರಿಗೆ ತೆರೆದ ಕೀಲಿಗಳಲ್ಲಿ ಅಚ್ಚಿನ ಮನೆಯೂ ಒಂದು. ಅಮೆರಿಕದಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ 1895ರಿಂದ ಸಾಮಾನ್ಯ ಸಂಸಾರಗಳಿಗೆ ಎಟುಕುವ ಮನೆಗಳ ನಕ್ಷೆಗಳನ್ನು ಪ್ರಕಟಿಸತೊಡಗಿತು. 1901ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ನ ಮನೆಯ ವಿನ್ಯಾಸವೂ ಅದರಲ್ಲಿ ಬಂತು. 1902ರಲ್ಲಿ ಹೆನ್ರಿ ಹೇವನ್ ವಿಂಡ್ಸರ್ ಎಂಬಾತ ಶಿಕಾಗೋದಲ್ಲಿ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಆರಂಭಿಸಿದ. ಓದುಗನಿಗೆ ಅರ್ಥವಾಗುವಂತೆ ಬರೆಯುವುದೇ ಅದರ ವ್ರತವಾಗಿತ್ತು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಸೆಳೆದವನು ಗುಸ್ಟಾವ್ ಸ್ಟಿಕ್ಲಿ. 1858ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ಹುಟ್ಟಿದ ಈತ ಪೀಠೋಪಕರಣಗಳ ತಯಾರಕ. ಇಂಗ್ಲೆಂಡಿನ ವಿಲಿಯಂ ಮಾರಿಸ್ ಮತ್ತು ರಸ್ಕಿನ್‌ರ ಭಕ್ತ. 1901ರ ಅಕ್ಟೋಬರಿನಲ್ಲಿ ‘ದಿ ಕ್ರಾಫ್ಟ್ಸ್‌ಮನ್’ ಎಂಬ ಪತ್ರಿಕೆಯನ್ನು ಹೊರಡಿಸಿ, ಅದರ ಮೊದಲ ಸಂಚಿಕೆಯನ್ನು ಮಾರಿಸ್‌ಗೇ ಮೀಸಲಿಟ್ಟ. 1905ರಿಂದ ಅದರಲ್ಲಿ ಮನೆಯಲ್ಲಿ ಮರಗೆಲಸ ಕಲಿಯುವವರಿಗೆಂದು ಪಾಠಮಾಲೆಯೊಂದು ಬಂತು. ತನ್ನ ಕಾರ್ಖಾನೆಯಿಂದ ಯಾವ ಬಗೆಯ ಕುರ್ಚಿ ಮೇಜುಗಳನ್ನು ಮಾರುತ್ತಿದ್ದನೋ, ಅದೇ ಬಗೆಯವನ್ನು ಮಾಡುವ ಅಳತೆಗಳನ್ನು ಓದುಗರಿಗೆ ಒಪ್ಪಿಸಿಬಿಟ್ಟ! ವ್ಯಾಪಾರಿಯ ಲೆಕ್ಕದಲ್ಲಿ ಇದು ಹುಚ್ಚು. ಕೈಗೆಲಸ ಮನುಷ್ಯನ ಮನಸ್ಸನ್ನು ನೆಟ್ಟಗಾಗಿಸುತ್ತದೆ ಎಂದು ನಂಬಿದವನಿಗೆ ಅದು ಧರ್ಮ. 1915ರಲ್ಲಿ ಅವನು ದಿವಾಳಿಯಾದ. ಮರುವರ್ಷ ಪತ್ರಿಕೆಯೂ ನಿಂತಿತು. ಆದರೆ ಅವನನ್ನು ಮುಳುಗಿಸಿದ್ದು ಈ ಔದಾರ್ಯವಲ್ಲ. ನ್ಯೂಯಾರ್ಕಿನಲ್ಲಿ ಹನ್ನೆರಡು ಅಂತಸ್ತಿನ ಕಟ್ಟಡದವರೆಗೆ ಚಾಚಿದ ಅತಿವಿಸ್ತಾರ. 1988ರಲ್ಲಿ, ಅವನು ಸ್ವಂತ ಮನೆಗೆಂದು ಮಾಡಿಸಿಕೊಂಡಿದ್ದ ಒಂದು ಸೈಡ್‌ಬೋರ್ಡ್ ಹರಾಜಿನಲ್ಲಿ 3,63,000 ಡಾಲರಿಗೆ ಹೋಯಿತು. ಅದೇ ಮನೆತನದ ಕುರ್ಚಿಗಳ ಅಳತೆಯಾದರೋ ಪತ್ರಿಕೆಯ ಚಂದಾಕ್ಕೆ ಯಾರಿಗೂ ಸಿಗುತ್ತಿತ್ತು.

‘ಪಾಪ್ಯುಲರ್ ಮೆಕ್ಯಾನಿಕ್ಸ್’ ಸಂಸ್ಥೆಯೂ ಇದೇ ಶೈಲಿಯ ನಕ್ಷೆಗಳನ್ನು ಕೂಡಿಸಿ 1909ರಿಂದ ‘ಮಿಶನ್ ಫರ್ನಿಚರ್’ ಎಂಬ ಪುಸ್ತಕವನ್ನು ಭಾಗ ಭಾಗವಾಗಿ ಹೊರತಂದಿತು. ಅದರ ಗದ್ಯ ನೋಡುವಂಥದು. ಮೊದಲು ಬೇಕಾದ ಮರದ ಪಟ್ಟಿ: ಎಷ್ಟು ತುಂಡು, ಎಷ್ಟು ದಪ್ಪ, ಎಷ್ಟು ಅಗಲ, ಎಷ್ಟು ಉದ್ದ. ಹಲಗೆಗಳನ್ನು ನಾಲ್ಕು ಮೈಯೂ ಕೀಸಿಸಿ ಮರದ ಮಿಲ್ಲಿನಿಂದ ತರಿಸಿಕೊಳ್ಳುವಂತೆ ಸಲಹೆ; ಇದರಿಂದ ಹೊಸಬನ ಅರ್ಧ ಕಷ್ಟ ಕಡಿಮೆ. ಬಳಿಕ ಒಂದು ಮರದಲ್ಲಿ ಕಂಡಿ ಕೊರೆದು, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ ಅದರೊಳಗೆ ಕೂಡಿಸುವ ಕ್ರಮ. ಕೊನೆಗೆ ಬಣ್ಣ. ಅಲಂಕಾರವಿಲ್ಲ, ಉಪದೇಶವಿಲ್ಲ. ಒಂದು ಅಂಕಿ ತಪ್ಪಿದರೆ ಓದುಗನ ಮರವೇ ಹಾಳಾಗುವುದರಿಂದ, ಲೇಖಕ ಪ್ರತಿ ಪದಕ್ಕೂ ಹೊಣೆ.

ಇಂಥ ನಕ್ಷೆಗಳನ್ನು ಹುಡುಕಲು ಇಂದು ಅವೆನ್ಯೂ ರಸ್ತೆಯೊಂದನ್ನೇ ನಂಬಬೇಕಾಗಿಲ್ಲ. ‘ಕ್ರಾಫ್ಟ್ಸ್‌ಮನ್’ ಸಂಪುಟಗಳನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಇಟ್ಟಿದೆ. ‘ಮಿಶನ್ ಫರ್ನಿಚರ್’ ಗುಟೆನ್‌ಬರ್ಗ್ ಯೋಜನೆಯಲ್ಲಿಯೂ, ‘ಪಾಪ್ಯುಲರ್ ಮೆಕ್ಯಾನಿಕ್ಸ್’ನ ಎಷ್ಟೋ ವರ್ಷಗಳ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿಯೂ ದೊರೆಯುತ್ತವೆ. ಆದರೆ ಹುಡುಕುವವನಿಗೆ ಭಾಷೆಯ ಚರಿತ್ರೆ ಗೊತ್ತಿರಬೇಕು. ‘ಡು ಇಟ್ ಯುವರ್‌ಸೆಲ್ಫ್’ ಎಂಬ ನುಡಿ ಮನೆಮಾತಾದದ್ದು ಎರಡನೆಯ ಮಹಾಯುದ್ಧದ ತರುವಾಯ. 1954ರ ಆಗಸ್ಟಿನಲ್ಲಿ ‘ಟೈಮ್’ ವಾರಪತ್ರಿಕೆ ಅದನ್ನು ಮುಖಪುಟಕ್ಕೇರಿಸಿತು. ಆ ಹೆಸರು ಹಿಡಿದು 1909ರ ಪುಟಗಳನ್ನು ಶೋಧಿಸಿದರೆ ಕೈ ಬರಿದು. ಅಲ್ಲಿ ಪುಟ್ಟ ಪೀಠಕ್ಕೆ ‘ಟ್ಯಾಬೊರೆಟ್’ ಎನ್ನಬೇಕು. ಶೈಲಿಗೆ ‘ಮಿಶನ್’ ಎನ್ನಬೇಕು. ಹಳಗನ್ನಡ ಕಾವ್ಯಕ್ಕೆ ಹೊಸಗನ್ನಡ ನಿಘಂಟು ಹಿಡಿದು ಹೋದ ವಿದ್ಯಾರ್ಥಿಯ ಪಾಡೇ ಇಲ್ಲಿಯೂ.

ಸಿಕ್ಕಿದ್ದೆಲ್ಲ ಅನುಸರಣೀಯವೂ ಅಲ್ಲ. ಆ ಕಾಲದವರು ಓಕ್ ಮರಕ್ಕೆ ಕಂದುಬಣ್ಣ ಬರಿಸಲು ಮುಚ್ಚಿದ ಪೆಟ್ಟಿಗೆಯಲ್ಲಿ ಕಟುವಾದ ಅಮೋನಿಯಾದ ಹಬೆ ಕೊಡುತ್ತಿದ್ದರು. 1913ರ ‘ಬಾಯ್ ಮೆಕ್ಯಾನಿಕ್’ ಪುಸ್ತಕದಲ್ಲಿ ಹುಡುಗರು ಹಾರುವ ಗ್ಲೈಡರ್‌ನ ನಕ್ಷೆಯೂ ಇದೆ, ಕಲ್ನಾರಿನ ಬಳಕೆಯೂ ಇದೆ. ಕಲ್ನಾರಿನ ದೂಳು ಶ್ವಾಸಕೋಶಕ್ಕೆ ಮೃತ್ಯು ಎಂಬುದನ್ನು ಅರಿತ ನಾವು ಆ ಪುಟಗಳನ್ನು ಓದಿ ಮುಚ್ಚಿಡುವುದೇ ಮೇಲು.

ಕಡೆಗೆ ನನ್ನ ಸಂಚಿಕೆಯ ಮಾತು. ಅದೇ ತಿಂಗಳ ಇಡೀ ಸಂಚಿಕೆಯನ್ನು ನಾನು ಗಣಕದ ತೆರೆಯ ಮೇಲೆ ಕಂಡೆ. ಕತ್ತರಿ ಬೀಳದ, ಬೆರಳ ಗುರುತಿಲ್ಲದ ಪುಟ. ಯಾರೂ ಬಳಸದೆ ಇದ್ದುದರಿಂದಲೇ ಅದು ಉಳಿದಿತ್ತು! ನನ್ನ ಪ್ರತಿಯಿಂದ ಕಾಣೆಯಾದ ಪುಟವಾದರೋ ಯಾರದೋ ಮರದ ಹೊಟ್ಟಿನ ನಡುವೆ, ಅಂಟಿನ ಕಲೆಗಳೊಡನೆ ಸವೆದು ಹೋಗಿರಬೇಕು. ಕಾಪಿಟ್ಟವನಿಲ್ಲದಿದ್ದರೆ ಅಳತೆ ನನಗೆ ತಲುಪುತ್ತಿರಲಿಲ್ಲ, ನಿಜ. ಆದರೆ ಆ ಲೇಖಕ ಬರೆದದ್ದು ಕತ್ತರಿಸಿಕೊಂಡವನಿಗಾಗಿ. ಅವನನ್ನು ಅಪರಾಧಿಯೆಂದು ಬೈದ ನಾನು, ಅಷ್ಟು ಶ್ರದ್ಧೆಯಿಂದ ಯಾವ ಪುಟವನ್ನು ಓದಿದ್ದೇನೆ?

ಅಳತೆಗಳನ್ನು ಬರೆದುಕೊಂಡು ನಮ್ಮ ಬೀದಿಯ ಬಡಗಿಯಲ್ಲಿಗೆ ಹೋದೆ. ಆತ ಕಾಗದವನ್ನು ಬಹಳ ಹೊತ್ತು ನೋಡಿ, “ಲೆಕ್ಕ ಸರಿಯಾಗಿದೆ ಮೇಷ್ಟ್ರೇ. ಆದರೆ ನಿಮ್ಮ ಪುಸ್ತಕಗಳನ್ನು ಅಳೆದಿದ್ದೀರಾ?” ಎಂದ. ಅಳೆದಿರಲಿಲ್ಲ. ಅಂದು ಸಂಜೆ ಮನೆಗೆ ಬಂದು, ಅರುವತ್ತು ದಾಟಿದ ಈ ವಯಸ್ಸಿನಲ್ಲಿ ಮೊದಲ ಸಲ, ನನ್ನ ಪುಸ್ತಕಗಳಿಗೆ ಅಳತೆಪಟ್ಟಿ ಹಿಡಿದೆ.