ಎಲೆಯ ಮಡಿಕೆಯಲ್ಲಿ ಅಡಗಿದ ಹೆಸರು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ನೀವು ನೋಡಿರುತ್ತೀರಿ. ಎಳೆಯ ಎಲೆಯ ಅಂಚು ಕೆಳಮುಖವಾಗಿ ಸುರುಳಿಗೊಂಡಿದ್ದರೆ ಮೆಲ್ಲಗೆ ಬಿಡಿಸಿ, ಮಸೂರದಿಂದ ನೋಡಿ. ಒಳಗೆ 2-3 ಮಿ.ಮೀ. ಉದ್ದದ ಕಪ್ಪು ಕೀಟಗಳು ಕಂಡರೆ ಅವು ಥ್ರಿಪ್ಸ್ ಆಗಿರಬಹುದು. ಥ್ರಿಪ್ಸ್‌ಗಳಲ್ಲಿ ಎಡ ದವಡೆ ಮಾತ್ರ ಬೆಳೆದಿರುತ್ತದೆ. ಅದರಿಂದ ಎಲೆಯನ್ನು ಚುಚ್ಚಿ ಕೋಶರಸ ಹೀರುತ್ತವೆ. ರೆಕ್ಕೆಯಂಚಿನ ಕೂದಲ ಝಾಲರಿಯಿಂದಾಗಿ 1836ರಲ್ಲಿ ಹ್ಯಾಲಿಡೆ ಈ ಗಣವನ್ನು ಥೈಸನಾಪ್ಟೆರ ಎಂದು ಕರೆದರು.

ಮೆಣಸಿನ ಎಲೆಯ ಈ ಥ್ರಿಪ್ಸನ್ನು 1914ರಲ್ಲಿ ವರ್ಣಿಸಿದವರು ಇಂಗ್ಲೆಂಡಿನ ಬ್ಯಾಗ್ನಲ್. ಆಸ್ಟ್ರಿಯದ ತಜ್ಞ ಕಾರ್ನಿಯವರ ಹೆಸರನ್ನು ಅದಕ್ಕಿಟ್ಟರು. ಇಂದು ಅದು ಲಿಯೋಥ್ರಿಪ್ಸ್ ಕಾರ್ನಿಯೈ.

‘ಹೊಸ ಪ್ರಭೇದ’ವೆಂದರೆ ಹೊಸದಾಗಿ ಹುಟ್ಟಿದ್ದಲ್ಲ, ವಿಜ್ಞಾನಕ್ಕೆ ಹೊಸದು. ಕುಡಿಮೀಸೆಯ ಖಂಡಗಳು, ಬಿರುಗೂದಲುಗಳ ಸ್ಥಾನ ಮುಂತಾದುವನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಒಂದು ಕೀಟವನ್ನು ಮೂಲಮಾದರಿಯಾಗಿ ಕಾಯ್ದಿಡುತ್ತಾರೆ.

ಇದರಿಂದೇನು ಪ್ರಯೋಜನ? ಅದೇ ಕಾರ್ನಿ 1922ರಲ್ಲಿ ಪಾರ್ವಿಸ್ಪೈನಸ್ ಎಂಬ ಪ್ರಭೇದವನ್ನು ವರ್ಣಿಸಿದ್ದರು. 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಅದು ಪತ್ತೆಯಾಯಿತು. 2021ರಲ್ಲಿ ಮೆಣಸಿನಕಾಯಿ ಹೊಲಗಳಿಗೆ ಎರಗಿತು. ನಮ್ಮ ಹಳೆಯ ಮೆಣಸಿನಕಾಯಿ ಥ್ರಿಪ್ಸ್ ಮುಖ್ಯವಾಗಿ ಎಲೆ ತಿಂದರೆ, ಇದು ಹೂವಿನಲ್ಲೂ ಗುಂಪುಗೂಡುತ್ತದೆ. ಬಂದದ್ದು ಬೇರೆಯೇ ಶತ್ರುವೆಂದು ತಿಳಿಸಿದ್ದು ಶತಮಾನದ ಹಿಂದಿನ ಆ ವರ್ಣನೆ.

ನಿಮ್ಮ ತೋಟದ ಮುದುಡಿದ ಎಲೆಯನ್ನು ಎಸೆಯುವ ಮುನ್ನ ಒಮ್ಮೆ ಬಿಡಿಸಿ ನೋಡುವಿರಲ್ಲವೆ?